ತೂಬು ಮತ್ತು ಕಾಲುವೆ: ತುಮಕೂರು ಸೀಮೆಯ ಜನಭಾಷೆಯಲ್ಲಿ ಹೃದಯದ ಇಕ್ಕಟ್ಟುಗಳು

ಜನಪದ ವೈದ್ಯವನ್ನು ಕುರಿತು ಕನ್ನಡದಲ್ಲಿ ಗಣನೀಯ ಪ್ರಮಾಣದ ಅಧ್ಯಯನಗಳು ನಡೆದಿವೆ. ಗಿಡಮೂಲಿಕೆಗಳ ಸಂಗ್ರಹ, ನಾಟಿವೈದ್ಯರ ಪರಂಪರೆ, ದೃಷ್ಟಿ ತೆಗೆಯುವ ಆಚರಣೆಗಳು, ಸೂಲಗಿತ್ತಿಯರ ಅರಿವು ಇವೆಲ್ಲವೂ ನಮ್ಮ ವಿದ್ವಾಂಸರ ಗಮನವನ್ನು ಸೆಳೆದಿವೆ. ಆದರೆ ಜನರು ತಮ್ಮ ಕಾಯಿಲೆಗೆ ಯಾವ ಹೆಸರನ್ನು ಕೊಡುತ್ತಾರೆ, ಆ ಹೆಸರನ್ನು ಹೊತ್ತು ಆಧುನಿಕ ಆಸ್ಪತ್ರೆಯ ಬಾಗಿಲಿಗೆ ಹೋದಾಗ ಏನಾಗುತ್ತದೆ ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ತುಮಕೂರು ನಗರ, ಗುಬ್ಬಿ ಹಾಗೂ ಕುಣಿಗಲ್ ತಾಲ್ಲೂಕುಗಳ ಕ್ಷೇತ್ರಕಾರ್ಯದ ಸಂದರ್ಭದಲ್ಲಿ ನನಗೆ ಕೇಳಿಬಂದ ಹೃದಯ ಸಂಬಂಧಿ ಮಾತುಗಳನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಇಂದು ಈ ಸೀಮೆಯ ಯಾವ ಹಳ್ಳಿಗೆ ಹೋದರೂ ಹೃದಯದ ಕಾಯಿಲೆಗೆ ದೊರೆಯುವ ಹೆಸರು ಒಂದೇ: ‘ಬ್ಲಾಕ್’. ಹೃದಯದ ಕವಾಟ ಕಿರಿದಾಗಿದ್ದರೂ ಬ್ಲಾಕ್, ಹೃದಯಕ್ಕೆ ರಕ್ತ ಒಯ್ಯುವ ಧಮನಿ ಕಿರಿದಾಗಿದ್ದರೂ ಬ್ಲಾಕ್. ಈ ಎರಡು ಇಕ್ಕಟ್ಟುಗಳು ಹುಟ್ಟುವ ಕಾರಣ ಬೇರೆ, ಕಾಡುವ ವಯಸ್ಸು ಬೇರೆ, ಪತ್ತೆಹಚ್ಚುವ ಕ್ರಮ ಬೇರೆ, ಚಿಕಿತ್ಸೆಯೂ ಬೇರೆ. ಒಂದಕ್ಕೆ ಕೊಡುವ ಮಾತ್ರೆ ಮತ್ತೊಂದರಲ್ಲಿ ಅಪಾಯ ತರಬಲ್ಲದು. ಆದ್ದರಿಂದ ಇದು ಕೇವಲ ಪದಗಳ ಪ್ರಶ್ನೆಯಲ್ಲ.

ಮೊದಲು ಹಳೆಯ ಮಾತುಗಳನ್ನು ನೋಡೋಣ. ಕನ್ನಡದಲ್ಲಿ ಹೃದಯವೆಂಬ ಅಂಗಕ್ಕೆ ‘ಗುಂಡಿಗೆ’ ಎಂಬ ಅಚ್ಚಗನ್ನಡ ಪದವಿದೆ. ಆದರೆ ಬಳಕೆಯಲ್ಲಿ ಅದು ಧೈರ್ಯದ ಹೆಸರಾಗಿಯೇ ಹೆಚ್ಚು ಉಳಿದಿದೆ. ಗುಂಡಿಗೆ ಗಟ್ಟಿ ಎಂದರೆ ಧೈರ್ಯವಂತ ಎಂದೇ ಹೊರತು ಆರೋಗ್ಯವಂತ ಎಂದಲ್ಲ. ‘ಎದೆ’ ಎಂಬುದಂತೂ ಇನ್ನೂ ವಿಶಾಲವಾದುದು. ಅದು ಎದೆಗೂಡು, ಮನಸ್ಸು, ಧೈರ್ಯ, ಸ್ತನ ಎಲ್ಲವೂ ಹೌದು. ಈ ಕಡೆಯ ಅರ್ಥವೇ ಒಂದು ತೊಡಕನ್ನು ತಂದೊಡ್ಡುತ್ತದೆ. ನಾನು ಮಾತನಾಡಿಸಿದ ವಯಸ್ಸಾದ ಹೆಂಗಸರಲ್ಲಿ ಹಲವರು ಪುರುಷ ವೈದ್ಯರ ಮುಂದೆ ‘ಎದೆನೋವು’ ಎಂದು ಹೇಳಲು ಸಂಕೋಚಪಟ್ಟು ‘ಬೆನ್ನಲ್ಲಿ ಹಿಡಿದಂಗಾಗುತ್ತೆ’, ‘ಹೊಟ್ಟೆ ಮ್ಯಾಲೆ ಉಬ್ಬರಿಸುತ್ತೆ’ ಎಂದು ಹೇಳಿರುವುದಾಗಿ ತಿಳಿಸಿದರು. ಹೆಂಗಸರಲ್ಲಿ ಹೃದಯದ ನೋವು ಬೆನ್ನು, ದವಡೆ, ಮೇಲುಹೊಟ್ಟೆಗಳಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಹೀಗಾಗಿ ವೈದ್ಯರಿಗೆ ಎರಡು ಬಗೆಯ ಮರೆ ಎದುರಾಗುತ್ತದೆ.

ಉಸಿರಾಟದ ತೊಂದರೆಗೆ ‘ಗೂರಲು’, ‘ಉಬ್ಬಸ’, ‘ಏದುಸಿರು’ ಎಂಬ ಮಾತುಗಳಿವೆ. ಎದೆಯೊಳಗಿನ ಒತ್ತಡಕ್ಕೆ ‘ವಾಯು’ ಎಂಬ ಹೆಸರಿತ್ತು. ಕಳೆದ ಕೆಲವು ದಶಕಗಳಲ್ಲಿ ಅದರ ಸ್ಥಾನವನ್ನು ‘ಗ್ಯಾಸ್’ ಹಾಗೂ ‘ಗ್ಯಾಸ್ಟ್ರಿಕ್’ ಆಕ್ರಮಿಸಿಕೊಂಡಿವೆ. ಹೆಸರು ಬದಲಾದರೂ ಅದರ ಹಿಂದಿನ ಕಲ್ಪನೆ ಬದಲಾಗಿಲ್ಲ. ಓಮ, ಇಂಗು, ಜೀರಿಗೆ ಕಷಾಯದ ಜಾಗಕ್ಕೆ ಅಂಗಡಿಯ ಸೋಡ ಮತ್ತು ಔಷಧದಂಗಡಿಯ ಗುಳಿಗೆ ಬಂದಿವೆ, ಅಷ್ಟೆ. ಇನ್ನು ‘ಎದೆಯೊಡೆದು ಸತ್ತ’ ಎಂಬ ಮಾತು ಕೆಟ್ಟ ಸುದ್ದಿಯ ಆಘಾತದಿಂದ ತಕ್ಷಣ ಸಂಭವಿಸುವ ಸಾವನ್ನು ಸೂಚಿಸುತ್ತದೆ. ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ನಾಟಕ ಕಂಪನಿಯ ಕೀರ್ತಿಯನ್ನು ಎಲ್ಲರೂ ಬಲ್ಲರು. ವೃತ್ತಿರಂಗಭೂಮಿಯೂ ಅದರ ಬೆನ್ನಿಗೆ ಬಂದ ಚಲನಚಿತ್ರವೂ ಎಡ ಎದೆಯನ್ನು ಅವುಚಿಕೊಂಡು ಧೊಪ್ಪನೆ ಬೀಳುವ ಒಂದು ಭಂಗಿಯನ್ನು ನಮ್ಮ ಕಣ್ಣಿಗೆ ರೂಢಿ ಮಾಡಿವೆ. ಹೃದಯಾಘಾತವೆಂದರೆ ಹಾಗೆಯೇ ಇರಬೇಕೆಂಬ ನಂಬಿಕೆ ಬೇರೂರಿರುವುದರಿಂದ, ಬೆವತು, ಸುಸ್ತಾಗಿ, ಬೈಕಿನಲ್ಲಿ ತಾನೇ ಕುಳಿತು ಆಸ್ಪತ್ರೆಗೆ ಬಂದವನಿಗೆ ಹೃದಯಾಘಾತವಾಗಿದೆ ಎಂದರೆ ಮನೆಯವರು ನಂಬುವುದಿಲ್ಲ.

ಇಷ್ಟಾದರೂ ಎರಡು ಇಕ್ಕಟ್ಟುಗಳನ್ನು ಬೇರ್ಪಡಿಸಿ ಹೇಳುವ ಭಾಷೆ ಈ ಸೀಮೆಯಲ್ಲಿ ಇಲ್ಲವೆಂದಲ್ಲ. ಅದು ವೈದ್ಯದಲ್ಲಿಲ್ಲ, ನೀರಾವರಿಯಲ್ಲಿದೆ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ನದಿ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುತ್ತದೆ. ಕುಣಿಗಲ್ಲಿನ ಕೆರೆಯಂತೂ ಜನಪದ ಗೀತೆಯ ಮೂಲಕ ನಾಡಿಗೆಲ್ಲ ಪರಿಚಿತ. ಕೆರೆಯ ನೆಲದಲ್ಲಿ ಬೆಳೆದವರಿಗೆ ಗದ್ದೆಗೆ ನೀರು ಬಾರದಿರಲು ಎರಡು ಕಾರಣಗಳಿರಬಹುದೆಂದು ಹೇಳಿಕೊಡಬೇಕಾಗಿಲ್ಲ: ಒಂದು, ತೂಬು ಸರಿಯಾಗಿ ತೆರೆದಿಲ್ಲ, ಇನ್ನೊಂದು, ಕಾಲುವೆಯಲ್ಲಿ ಹೂಳು ತುಂಬಿದೆ. ತೂಬಿನ ದೋಷಕ್ಕೆ ಕಾಲುವೆಯನ್ನು ಅಗೆಯುವ ನೀರುಗಂಟಿ ಯಾರೂ ಇಲ್ಲ. ಗುಬ್ಬಿ ತಾಲ್ಲೂಕಿನ ಒಬ್ಬ ಹಿರಿಯ ನೀರುಗಂಟಿಗೆ ನಾನು ಹೃದಯದ ಎರಡು ತೊಂದರೆಗಳನ್ನು ವಿವರಿಸುತ್ತಿದ್ದಾಗ, ಅವರು ನಡುವೆಯೇ ತಡೆದು ‘ನಿಮ್ಮ ಚಿಕ್ಕಮ್ಮಂದು ತೂಬು, ನಿಮ್ಮ ಮಾವಂದು ಕಾಲುವೆ’ ಎಂದುಬಿಟ್ಟರು. ಈ ಲೇಖನದ ಶೀರ್ಷಿಕೆ ಅವರ ಮಾತಿಗೆ ಋಣಿ.

ಹೃದಯದ ತೂಬುಗಳು ನಾಲ್ಕು. ‘ಕವಾಟ’ ಎಂಬ ಪದಕ್ಕೆ ಬಾಗಿಲು, ಕದ ಎಂಬುದೇ ಅರ್ಥ. ಈ ವಿಷಯದಲ್ಲಿ ನಮ್ಮ ಪಠ್ಯಪುಸ್ತಕಗಳ ಪರಿಭಾಷೆ ಜನರಿಗೆ ತೀರ ದೂರವಾದುದೇನಲ್ಲ. ಆದರೆ ಈ ಕದಗಳನ್ನು ಎತ್ತುವ ನೀರುಗಂಟಿ ಹೃದಯದೊಳಗೆ ಇಲ್ಲ. ಅವು ತಮ್ಮ ಎರಡು ಬದಿಯ ರಕ್ತದ ಒತ್ತಡದ ವ್ಯತ್ಯಾಸದಿಂದಲೇ ತೆರೆದು ಮುಚ್ಚುತ್ತವೆ. ಮಾರ್ಕೋನಹಳ್ಳಿಯಲ್ಲಿ ನೀರಿನ ಮಟ್ಟ ಮಿತಿಯನ್ನು ಮೀರಿದಾಗ ತಾನಾಗಿಯೇ ಹೊರಹರಿಯಿಸುವ ಸೈಫನ್ ವ್ಯವಸ್ಥೆಯನ್ನು ಕಂಡವರಿಗೆ ಈ ಸ್ವಯಂಚಾಲನೆಯನ್ನು ಗ್ರಹಿಸುವುದು ಕಷ್ಟವಲ್ಲ. ಹೋಲಿಕೆ ಪೂರ್ಣವಾದುದಲ್ಲ, ಸೈಫನ್ನಿಗೆ ಕದವಿಲ್ಲ. ಕೆಲಸ ಮಾಡಿಸುವುದು ಒತ್ತಡವೇ ಎಂಬ ಅಂಶ ಮಾತ್ರ ಎರಡಕ್ಕೂ ಸಮಾನ.

ನಮ್ಮ ಭಾಗದಲ್ಲಿ ಕಿರಿದಾಗುವ ಕವಾಟಗಳಲ್ಲಿ ಮುಖ್ಯವಾದುದು ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಗಳ ನಡುವಣ ದ್ವಿದಳ ಕವಾಟ. ವೈದ್ಯರು ಇದನ್ನು ಮೈಟ್ರಲ್ ಎನ್ನುತ್ತಾರೆ. ಇದರ ಮೂಲ ಬಾಲ್ಯದ ಗಂಟಲುನೋವಿನಲ್ಲಿದೆ ಎಂದರೆ ನನ್ನ ವಕ್ತೃಗಳಲ್ಲಿ ಯಾರೂ ಒಪ್ಪಲಿಲ್ಲ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಗಂಟಲುನೋವಿಗೆ ಸರಿಯಾದ ಚಿಕಿತ್ಸೆ ಆಗದಿದ್ದರೆ, ಎರಡು ಮೂರು ವಾರಗಳ ನಂತರ ಕೆಲವು ಮಕ್ಕಳಲ್ಲಿ ಜ್ವರ ಮತ್ತು ಒಂದು ಕೀಲಿನಿಂದ ಮತ್ತೊಂದಕ್ಕೆ ಸರಿದಾಡುವ ನೋವು ಕಾಣಿಸಿಕೊಳ್ಳುತ್ತದೆ. 5ರಿಂದ 15 ವರ್ಷದವರಲ್ಲಿ ಇದು ಹೆಚ್ಚು. ಕೀಲಿನ ನೋವು ಗುರುತಿಲ್ಲದಂತೆ ವಾಸಿಯಾಗುತ್ತದೆ. ಕವಾಟಕ್ಕೆ ತಗುಲಿದ ಗಾಯ ಉಳಿಯುತ್ತದೆ. ವರ್ಷಗಳು ಉರುಳಿದಂತೆ ಕವಾಟದ ಎರಡು ದಳಗಳ ಅಂಚುಗಳು ಬೆಸೆದುಕೊಳ್ಳುತ್ತವೆ. 4ರಿಂದ 6 ಚದರ ಸೆಂಟಿಮೀಟರ್ ಇರಬೇಕಾದ ದ್ವಾರ 1.5 ಅಥವಾ ಅದಕ್ಕೂ ಕಡಿಮೆಗೆ ಇಳಿದರೆ ಅದನ್ನು ತೀವ್ರವೆಂದು ಪರಿಗಣಿಸಲಾಗುತ್ತದೆ. ಆಗ ರಕ್ತ ಹಿಂದಕ್ಕೆ, ಶ್ವಾಸಕೋಶದ ಕಡೆಗೆ ಒತ್ತುತ್ತದೆ. ತೂಬು ಕಟ್ಟಿದಾಗ ಕೆರೆಯ ಹಿನ್ನೀರು ಊರೊಳಗೆ ನುಗ್ಗುವಂತೆ.

ರೋಗಿ ಹೇಳುವುದು ಮಾತ್ರ ಗೂರಲು ಎಂದೇ. ನನ್ನ ಚಿಕ್ಕಮ್ಮನಿಗೆ ಮದುವೆಗೆ ಮೊದಲಿನಿಂದಲೂ ಗೂರಲೆಂದು ಔಷಧಿ ನಡೆಯುತ್ತಿತ್ತು. ರಾಗಿಕಲ್ಲಿನ ಮುಂದೆ ಕುಳಿತರೆ ಉಸಿರು ಮೇಲಕ್ಕೆ ಹೋಗುತ್ತಿತ್ತು, ರಾತ್ರಿ ಅಂಗಾತ ಮಲಗಲಾಗದೆ ಗೋಡೆಗೆ ಒರಗಿ ಕೂರುತ್ತಿದ್ದಳು. ‘ಮೈಗಳ್ಳಿ’ ಎಂಬ ಮಾತನ್ನೂ ಕೇಳಬೇಕಾಯಿತು. ಎರಡನೆಯ ಬಸಿರಿನ ಆರನೆಯ ತಿಂಗಳಲ್ಲಿ ನೊರೆಗಫ ಕಾಣಿಸಿಕೊಂಡಾಗಲೇ ಹೃದಯದ ಕಾಯಿಲೆ ಎಂಬುದು ತಿಳಿದದ್ದು. ಇದರಲ್ಲಿ ವಿಶೇಷವೇನೂ ಇಲ್ಲ. ಈ ಕಾಯಿಲೆ ಹೆಂಗಸರಲ್ಲಿಯೇ ಹೆಚ್ಚು, ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಶೇ. 40ಕ್ಕೂ ಮಿಕ್ಕಿ ಏರುವುದರಿಂದ ಅದುವರೆಗೆ ಹೇಗೋ ಸರಿದೂಗಿಸಿಕೊಂಡು ಬಂದ ಇಕ್ಕಟ್ಟಿನ ದ್ವಾರ ಆಗ ಸೋಲುತ್ತದೆ. ಬಸಿರಿಯ ಏದುಸಿರನ್ನು ಸಹಜವೆಂದು ಬಗೆಯುವ ನಮ್ಮ ರೂಢಿ ಇಲ್ಲಿ ಅಪಾಯಕಾರಿಯಾಗಿದೆ.

ಪತ್ತೆಹಚ್ಚುವ ಕ್ರಮ ಹಳೆಯದೂ ಹೌದು, ಸರಳವೂ ಹೌದು. 1816ರಲ್ಲಿ ಫ್ರಾನ್ಸಿನ ಲೆನೆಕ್ ರೂಪಿಸಿದ ಸ್ಟೆತಾಸ್ಕೋಪಿನಲ್ಲಿ ತಾಳ್ಮೆಯಿಂದ ಆಲಿಸಿದರೆ ಈ ಕವಾಟ ತೆರೆಯುವಾಗಿನ ‘ಟಪ್’ ಎಂಬ ಸದ್ದನ್ನೂ ಅದರ ಹಿಂದೆಯೇ ಬರುವ ಗುಡುಗುಡು ಮರ್ಮರವನ್ನೂ ಕೇಳಬಹುದು. ಖಚಿತಪಡಿಸುವುದು ಎಕೋ. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಎಂಬಿಬ್ಬರು ಹಡಗು ಮತ್ತು ಲೋಹಗಳ ತಪಾಸಣೆಗೆ ಬಳಸುತ್ತಿದ್ದ ಶಬ್ದಾತೀತ ತರಂಗಗಳನ್ನು ಹೃದಯದ ಮೇಲೆ ಪ್ರಯೋಗಿಸಿದ ದಿನದಿಂದ ಈ ವಿಧಾನ ಬೆಳೆದುಬಂದಿದೆ. ಎಕೋ ನೋವಿಲ್ಲದ್ದು, ವಿಕಿರಣವಿಲ್ಲದ್ದು, ಗರ್ಭಿಣಿಗೂ ಸುರಕ್ಷಿತ. ದ್ವಾರದ ಅಳತೆ, ದಳಗಳ ದಪ್ಪ, ಒತ್ತಡದ ವ್ಯತ್ಯಾಸ ಎಲ್ಲವನ್ನೂ ಅದು ತಿಳಿಸುತ್ತದೆ.

ಚಿಕಿತ್ಸೆಯ ವಿಷಯದಲ್ಲಿ ಒಂದು ಅಪೂರ್ವ ಸಂಗತಿಯಿದೆ. ಎದೆಯನ್ನು ಸೀಳದೆಯೇ ಈ ತೂಬನ್ನು ತೆರೆಯಬಹುದು. ಜಪಾನಿನ ಕಾಂಜಿ ಇನೋವೆ ಎಂಬ ಶಸ್ತ್ರವೈದ್ಯರು 1984ರಲ್ಲಿ ಪ್ರಕಟಿಸಿದ ವಿಧಾನದಂತೆ ತೊಡೆಸಂದಿಯ ಅಭಿಧಮನಿಯ ಮೂಲಕ ನಳಿಕೆಯೊಂದನ್ನು ಬಲ ಹೃತ್ಕರ್ಣಕ್ಕೆ ಒಯ್ದು, ನಡುಗೋಡೆಯನ್ನು ಸೂಜಿಯಿಂದ ಚುಚ್ಚಿ, ಎಡಕ್ಕೆ ದಾಟಿ, ಕಿರಿದಾದ ಕವಾಟದ ನಡುವೆ ಬಲೂನನ್ನು ಉಬ್ಬಿಸುತ್ತಾರೆ. ಬೆಸೆದ ಅಂಚುಗಳು ಬಿಟ್ಟುಕೊಳ್ಳುತ್ತವೆ. ಒಳಗೆ ಯಾವ ಕೃತಕ ವಸ್ತುವೂ ಉಳಿಯುವುದಿಲ್ಲ. ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅಥವಾ ಕವಾಟ ಹೆಚ್ಚು ಸೋರುತ್ತಿದ್ದರೆ ಇದು ಸಲ್ಲದು, ಆಗ ಶಸ್ತ್ರಚಿಕಿತ್ಸೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಬಲೂನ್ ಚಿಕಿತ್ಸೆಯಲ್ಲಿ ವಿಪುಲ ಅನುಭವವನ್ನು ಗಳಿಸಿದ ಸಂಸ್ಥೆಯಾಗಿದೆ. ಚಿಕ್ಕಮ್ಮನಿಗೆ ಬಸಿರಿನಲ್ಲಿಯೇ ಈ ಚಿಕಿತ್ಸೆಯಾಯಿತು. ಆ ಮಗು ಈಗ ಪದವಿ ಓದುತ್ತಿದೆ. ಊರಿನಲ್ಲಿ ಮಾತ್ರ ಈಗಲೂ ‘ಅವಳಿಗೆ ಬ್ಲಾಕ್ ಆಗಿತ್ತು, ಸ್ಟಂಟ್ ಹಾಕಿದಾರೆ’ ಎಂದೇ ಹೇಳುತ್ತಾರೆ. ಆಕೆಗೆ ಸ್ಟೆಂಟನ್ನು ಹಾಕಿಯೇ ಇಲ್ಲ.

ಎರಡನೆಯ ತೂಬು ಎಡ ಹೃತ್ಕುಕ್ಷಿಯಿಂದ ಮಹಾಪಧಮನಿಗೆ ತೆರೆಯುವ ಅಯೋರ್ಟಿಕ್ ಕವಾಟ. ಇದರ ಇಕ್ಕಟ್ಟು ಹೆಚ್ಚಾಗಿ ಮುಪ್ಪಿನದು. ಹುಟ್ಟಿನಿಂದಲೇ ಮೂರರ ಬದಲು ಎರಡು ದಳಗಳಿದ್ದವರಲ್ಲಿ ಇನ್ನೂ ಮುಂಚೆ ಬರುತ್ತದೆ. ದಳಗಳ ಮೇಲೆ ಸುಣ್ಣದ ಅಂಶ ಕಟ್ಟುತ್ತದೆ. ಕೊಳವೆಬಾವಿಯ ಗಡಸು ನೀರಿನಿಂದ ಡ್ರಿಪ್ ನಳಿಕೆಯ ತೂತುಗಳು ಬಿಳಿ ಕಟ್ಟಿ ಮುಚ್ಚಿಹೋಗುವುದನ್ನು ತೆಂಗು ಅಡಿಕೆ ತೋಟದವರೆಲ್ಲರೂ ನೋಡಿದ್ದಾರೆ. ಇದೊಂದು ಸಾದೃಶ್ಯ ಮಾತ್ರ. ಗಡಸು ನೀರು ಕುಡಿದದ್ದರಿಂದ ಕವಾಟಕ್ಕೆ ಸುಣ್ಣ ಕಟ್ಟುತ್ತದೆ ಎಂದು ಯಾರೂ ತಿಳಿಯಬಾರದು. ಇದರ ಮೂರು ಲಕ್ಷಣಗಳು ಶ್ರಮಪಟ್ಟಾಗ ಏದುಸಿರು, ಎದೆಯ ಹಿಡಿತ, ಕಣ್ಣು ಕತ್ತಲೆಗಟ್ಟಿ ಬೀಳುವುದು. ಕಡೆಯದನ್ನು ಜನ ‘ಪಿತ್ತ’ ಎನ್ನುತ್ತಾರೆ. ಲಕ್ಷಣಗಳು ತೋರಿದ ನಂತರ ತೀವ್ರ ರೋಗವನ್ನು ಹಾಗೆಯೇ ಬಿಟ್ಟರೆ ಬದುಕುವ ಅವಧಿ ಸರಾಸರಿ ಕೆಲವೇ ವರ್ಷಗಳು. ಈ ಕವಾಟವನ್ನು ತೆರೆಯುವ ಔಷಧಿ ಇಲ್ಲ, ಅದನ್ನು ಬದಲಾಯಿಸಬೇಕು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ರೂಪಿಸಿದ ದೇಶೀಯ ಕವಾಟವನ್ನು 1990ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಜೋಡಿಸಲಾಯಿತು. 2002ರಲ್ಲಿ ಫ್ರಾನ್ಸಿನ ಅಲೇನ್ ಕ್ರಿಬಿಯೇ ಎದೆಯನ್ನು ತೆರೆಯದೆ ನಳಿಕೆಯ ಮೂಲಕವೇ ಕವಾಟವನ್ನು ಜೋಡಿಸಿ ತೋರಿಸಿದರು. ಈ ವಿಧಾನ ಈಗ ನಮ್ಮಲ್ಲಿಯೂ ಇದೆ, ಆದರೆ ಅದರ ವೆಚ್ಚ ಬಡವರಿಗೆ ನಿಲುಕುವಂತಹುದಲ್ಲ. ಲೋಹದ ಕವಾಟ ಪಡೆದವರು ರಕ್ತ ಹೆಪ್ಪುಗಟ್ಟದಂತೆ ಜೀವಮಾನವಿಡೀ ಮಾತ್ರೆ ಸೇವಿಸಬೇಕು ಮತ್ತು ನಿಯತವಾಗಿ ರಕ್ತ ಪರೀಕ್ಷೆ ಮಾಡಿಸಬೇಕು. ಮಸ್ಸೊಪ್ಪು, ಬಸ್ಸಾರುಗಳ ನಾಡಿನಲ್ಲಿ ಇದೊಂದು ಸಮಸ್ಯೆಯೇ ಸರಿ. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಮಾತ್ರೆಯ ಪರಿಣಾಮವನ್ನು ತಗ್ಗಿಸುತ್ತದೆ. ಸೊಪ್ಪನ್ನು ತೊರೆಯಬೇಕಾಗಿಲ್ಲ, ವಾರದಿಂದ ವಾರಕ್ಕೆ ಅಳತೆ ಏರುಪೇರಾಗಬಾರದು.

ಇನ್ನು ಕಾಲುವೆಗಳ ವಿಚಾರ. ದೇಹಕ್ಕೆಲ್ಲ ರಕ್ತ ಹಂಚುವ ಹೃದಯವು ತನಗೆ ಬೇಕಾದುದನ್ನು ತನ್ನ ಹೊರಮೈ ಮೇಲೆ ಹರಿಯುವ ಕರೊನರಿ ಧಮನಿಗಳಿಂದಲೇ ಪಡೆಯಬೇಕು. ಕೊಬ್ಬು ಮತ್ತು ಉರಿಯೂತದಿಂದ ಇವುಗಳ ಗೋಡೆಯಲ್ಲಿ ದಶಕಗಳ ಕಾಲ ಗಡ್ಡೆ ಕಟ್ಟುತ್ತದೆ. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟೆರಾಲ್ ಇದಕ್ಕೆ ಮುಖ್ಯ ಕಾರಣಗಳು. ಒಳದಾರಿ ಶೇ. 70ರಷ್ಟು ಕಿರಿದಾದಾಗ ಶ್ರಮದ ವೇಳೆ ಎದೆ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಹೃದಯಾಘಾತ ಇದರ ಮುಂದುವರಿಕೆಯೆಂದು ತೋರಿದರೂ ಅದರ ಬಗೆಯೇ ಬೇರೆ: ಗಡ್ಡೆಯೊಂದು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಕಾಲುವೆ ನಿಮಿಷಗಳಲ್ಲಿ ಮುಚ್ಚಿಹೋಗುತ್ತದೆ. ಹೀಗೆ ಒಡೆಯುವುದು ಎಷ್ಟೋ ವೇಳೆ ಅಷ್ಟೇನೂ ಕಿರಿದಾಗದ ಜಾಗದಲ್ಲಿ. ‘ನಂಗೆ ಮೂವತ್ತು ಪರ್ಸೆಂಟ್ ಅಷ್ಟೇ’ ಎಂದು ನಿಶ್ಚಿಂತರಾಗುವವರೂ, ಹೆಚ್ಚಿನ ಪರ್ಸೆಂಟ್ ಕೇಳಿ ಅಂದೇ ಕಂಗೆಡುವವರೂ ಇದನ್ನು ಗಮನಿಸಬೇಕು. ಸ್ಥಿರವಾದ ರೋಗವಿರುವವರಲ್ಲಿ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದರೆ ಔಷಧಿಗಿಂತ ಸಾವು ಕಡಿಮೆಯಾಗುತ್ತದೆ ಎಂಬುದು 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಎಂಬ ಬೃಹತ್ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಸಿದ್ಧಪಡಲಿಲ್ಲ. ನೋವಿನ ಉಪಶಮನ ಮಾತ್ರ ಹೆಚ್ಚಾಗಿತ್ತು. ಆಘಾತ ನಡೆಯುತ್ತಿರುವವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಅಲ್ಲಿ ಗಂಟೆಗಳ ಲೆಕ್ಕ. ನನ್ನ ಸೋದರಮಾವನಿಗೆ ಬೆಳಗಿನ ಜಾವ ಎದೆಯುರಿ ಮತ್ತು ಬೆವರು ಬಂದಾಗ ಗ್ಯಾಸೆಂದು ಸೋಡ ಕುಡಿಸಿದೆವು. ಹತ್ತಿರದ ಚಿಕಿತ್ಸಾಲಯವೊಂದರಲ್ಲಿಯೂ ಗ್ಯಾಸಿನದೇ ಚುಚ್ಚುಮದ್ದು ಹಾಕಿ ಮನೆಗೆ ಕಳುಹಿಸಿದರು, ಈಸಿಜಿ ತೆಗೆಯಲಿಲ್ಲ. ತುಮಕೂರು ಮುಟ್ಟುವ ವೇಳೆಗೆ ಮಧ್ಯಾಹ್ನ. ಜೀವ ಉಳಿಯಿತು, ಹೃದಯದ ಸ್ನಾಯುವಿನ ಒಂದು ಭಾಗ ಉಳಿಯಲಿಲ್ಲ. ಎಲ್ಲರಿಗಿಂತ ಮೊದಲು ‘ಗ್ಯಾಸ್’ ಎಂಬ ಮಾತನ್ನು ಆಡಿದವನು ನಾನೇ. ರೋಗಗಳ ಹೆಸರನ್ನು ಸಂಗ್ರಹಿಸುವುದನ್ನೇ ವೃತ್ತಿಯಾಗಿಸಿಕೊಂಡವನಿಗೂ ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಆ ಪದವೇ.

ಎದೆಯಲ್ಲಿ ಒತ್ತಡ, ಬೆವರು, ತೋಳು ಅಥವಾ ದವಡೆಗೆ ಹರಡುವ ನೋವು ಇದ್ದರೆ ಹತ್ತು ನಿಮಿಷದೊಳಗೆ ಈಸಿಜಿ ಆಗಬೇಕೆಂಬುದು ನಿಯಮ. ಒಂದು ಈಸಿಜಿ ಸರಿಯಿದ್ದರೂ ನೋವು ನಿಲ್ಲದಿದ್ದರೆ ಮತ್ತೆ ತೆಗೆಯಬೇಕು. ಕಾಲುವೆಯನ್ನು ತೆರೆಯಲು ಎರಡು ದಾರಿಗಳಿವೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಕೊಡಬಹುದು. ಮೊದಲ ಗಂಟೆಗಳಲ್ಲಿ ಅದರ ಫಲ ಹೆಚ್ಚು, ಹನ್ನೆರಡು ಗಂಟೆ ಕಳೆದರೆ ಬಹುಮಟ್ಟಿಗೆ ವ್ಯರ್ಥ. ಎರಡನೆಯದು 1977ರಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಆರಂಭಿಸಿದ ಬಲೂನ್ ಆಂಜಿಯೋಪ್ಲಾಸ್ಟಿ. 1986ರಿಂದ ಬಲೂನಿನ ಜೊತೆಗೆ ಲೋಹದ ಜಾಲರಿಯ ಸ್ಟೆಂಟ್ ಬಂದಿತು. ತುಮಕೂರು ನಗರದಲ್ಲಿಯೇ ಈಗ ಈ ಸೌಲಭ್ಯವುಳ್ಳ ಆಸ್ಪತ್ರೆಗಳಿವೆ. ಬೆಂಗಳೂರು ತುಮಕೂರಿನಿಂದಲೂ ಕುಣಿಗಲ್ಲಿನಿಂದಲೂ ಸುಮಾರು 70 ಕಿಲೋಮೀಟರ್. ಆದರೆ ಎರಡು ರಸ್ತೆಗಳೂ ನೆಲಮಂಗಲದಲ್ಲಿ ಕೂಡಿ, ಅಲ್ಲಿಂದ ನಗರವನ್ನೇ ಹಾದು ಬನ್ನೇರುಘಟ್ಟ ರಸ್ತೆಯ ಜಯದೇವವನ್ನು ತಲುಪಬೇಕು. ಕಿಲೋಮೀಟರಿನ ಲೆಕ್ಕ ಅಲ್ಲಿ ಕೆಲಸಕ್ಕೆ ಬಾರದು. ಈ ಕಾರಣದಿಂದಲೇ ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಆರಂಭಿಸಿದ ಹೃದಯಜ್ಯೋತಿ ಯೋಜನೆ ಮಹತ್ವ ಪಡೆಯುತ್ತದೆ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಈಸಿಜಿಯನ್ನು ದೂರದ ತಜ್ಞರು ಓದಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಅಲ್ಲಿಯೇ ಕೊಟ್ಟು ನಂತರ ದೊಡ್ಡ ಆಸ್ಪತ್ರೆಗೆ ಕಳುಹಿಸುವ ಏರ್ಪಾಡು ಇದು. 2017ರ ಫೆಬ್ರವರಿಯಲ್ಲಿ ಕೇಂದ್ರವು ಔಷಧಲೇಪಿತ ಸ್ಟೆಂಟಿನ ಬೆಲೆಗೆ 29,600 ರೂಪಾಯಿಗಳ ಮಿತಿ ಹಾಕಿದ್ದೂ ಜಮೀನು ಅಡವಿಡುವ ಕುಟುಂಬಗಳಿಗೆ ಸಣ್ಣ ಸಂಗತಿಯಲ್ಲ.

ತೂಬು ಕಾಲುವೆಗಳನ್ನು ಒಂದೆಂದು ತಿಳಿಯುವುದರ ಅಪಾಯ ಅತ್ಯಂತ ಸ್ಪಷ್ಟವಾಗಿ ಕಾಣುವುದು ನಾಲಿಗೆಯಡಿ ಇಡುವ ಮಾತ್ರೆಯಲ್ಲಿ. ಕಾಲುವೆಯ ರೋಗಿಗೆ ನೋವನ್ನು ಇಳಿಸುವ ಈ ಮಾತ್ರೆ, ಅಯೋರ್ಟಿಕ್ ತೂಬು ತೀವ್ರವಾಗಿ ಕಿರಿದಾದವನಲ್ಲಿ ರಕ್ತದೊತ್ತಡವನ್ನು ಹಠಾತ್ತನೆ ಕುಸಿಯುವಂತೆ ಮಾಡಬಹುದು. ಆ ರೋಗಿಗೂ ನೋವು ಬರುವುದು ಎದೆಯಲ್ಲಿಯೇ. ಪಕ್ಕದ ಮನೆಯವರು ತಮ್ಮ ಮಾತ್ರೆಯನ್ನು ಪ್ರೀತಿಯಿಂದಲೇ ಕೊಡುತ್ತಾರೆ. ಟ್ರೆಡ್‌ಮಿಲ್ ಪರೀಕ್ಷೆಯೂ ಹಾಗೆಯೇ, ಕಾಲುವೆಯ ಶಂಕೆ ಇದ್ದವರಿಗೆ ಉಪಯುಕ್ತ, ಲಕ್ಷಣಗಳು ತೋರಿರುವ ಅಯೋರ್ಟಿಕ್ ರೋಗಿಗೆ ನಿಷಿದ್ಧ. 2025ರ ಜೂನ್, ಜುಲೈ ತಿಂಗಳುಗಳಲ್ಲಿ ನೆರೆಯ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ನಮ್ಮ ಭಾಗದಲ್ಲಿಯೂ ‘ಬ್ಲಾಕ್ ಚೆಕಪ್’ ಎಂಬ ಮಾತು ಅಂದಿನಿಂದ ಹೆಚ್ಚಾಗಿ ಕೇಳಿಬಂತು. ಹಾಗೆ ಹೋದವರು ಕೇಳಿದ್ದು ಕಾಲುವೆಯನ್ನು ಕುರಿತು. ಗೂರಲೆಂದು ಮನೆಯಲ್ಲಿ ಉಳಿದ ಹೆಣ್ಣುಮಗಳನ್ನು ಯಾರೂ ಆ ಸಾಲಿಗೆ ಕರೆದೊಯ್ದಂತೆ ನನಗೆ ಕಾಣಲಿಲ್ಲ.

ಆ ಹೆಣ್ಣುಮಗಳಿಗೆ ಸಂಬಂಧಿಸಿದ ಇನ್ನೊಂದು ಪದ ಈ ಸಂಗ್ರಹದಲ್ಲಿದೆ: ‘ಮೂರು ವಾರದ ಸೂಜಿ’. ಬಾಲ್ಯದಲ್ಲಿ ಕೀಲು ಜ್ವರ ಬಂದು ಕವಾಟ ಗಾಯಗೊಂಡವರಿಗೆ ಆ ಜ್ವರ ಮರುಕಳಿಸದಂತೆ 21 ದಿನಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದನ್ನು ಹಲವಾರು ವರ್ಷಗಳ ಕಾಲ ಹಾಕಲಾಗುತ್ತದೆ. ಅಗ್ಗವಾದುದು, ಬಹಳ ನೋವಿನದು, ಕವಾಟ ಮತ್ತಷ್ಟು ಕೆಡದಂತೆ ತಡೆಯುವ ಖಚಿತ ಸಾಧನವೂ ಹೌದು. ಕುಣಿಗಲ್ ತಾಲ್ಲೂಕಿನ ತಾಯಿಯೊಬ್ಬರು ತಮ್ಮ ಮಗಳಿಗೆ ಹನ್ನೊಂದನೆಯ ವಯಸ್ಸಿನಿಂದ ಈ ಸೂಜಿಯನ್ನು ಹಾಕಿಸಿ, ಪಂಚಾಂಗದಲ್ಲಿ ಏಕಾದಶಿಯ ಪಕ್ಕದಲ್ಲಿ ಅದರ ದಿನಗಳನ್ನೂ ಗುರುತು ಹಾಕುತ್ತಿದ್ದರು. ಹತ್ತೊಂಬತ್ತಕ್ಕೆ ಸಂಬಂಧ ಕೂಡಿಬಂತು. ಹೃದಯದ ಕಾಯಿಲೆ ಎಂದರೆ ಗಂಡಿನ ಕಡೆಯವರು ಒಪ್ಪಲಾರರೆಂದು ಸೂಜಿಯನ್ನು ನಿಲ್ಲಿಸಿದರು. ಪಂಚಾಂಗದ ಕಡೆಯ ಗುರುತು ನಿಶ್ಚಿತಾರ್ಥಕ್ಕೆ ಹನ್ನೆರಡು ದಿನ ಹಿಂದಿನದು.